ಡ್ರಿಲ್ ಮಾಸ್ತರರ ಬಿಚ್ಚುಗಂಟು

ಕಳೆದ ತಿಂಗಳು ತಾಂಡೂರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ನಿವೃತ್ತಿ ಸಮಾರಂಭಕ್ಕೆ ಹೋಗಿದ್ದೆ. ಶಾಲು, ಹಾರ, ಭಾಷಣ ಎಲ್ಲ ಮುಗಿದು ಇನ್ನೇನು ಊಟಕ್ಕೆ ಏಳಬೇಕು, ಅಷ್ಟರಲ್ಲಿ ಮೈಕು ಹಿಡಿದಿದ್ದ ಮನುಷ್ಯ ಜನರನ್ನು ನಗಿಸಲೆಂದು ಒಂದು ಕಥೆ ತೆಗೆದ. ತೆಲಂಗಾಣ ಚಳವಳಿಯ ದಿನಗಳಲ್ಲಿ ನಾರಾಯಣಖೇಡದ ಕಡೆ ಒಬ್ಬ ಡ್ರಿಲ್ ಮಾಸ್ತರ ಇದ್ದನಂತೆ. ದೋಣಿ ಮೆರವಣಿಗೆಯಲ್ಲಿ ಚೇಳು ಕಂಡು ಕಿರುಚಿ ಕುಣಿದು ತನ್ನ ದೋಣಿಯನ್ನು ತಾನೇ ಮಗುಚಿಕೊಂಡು ಸತ್ತನಂತೆ. "ಬೆಸ್ತರವನು ನೀರಿಗೆ ಹೆದರಲಿಲ್ಲ, ಚೇಳಿಗೆ ಹೆದರಿದ ನೋಡ್ರಿ" ಅಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎದ್ದು ನಿಂತು "ಅದು ಸುಳ್ಳು" ಅಂತ ಕೂಗಿದೆ. ಮೈಕಿನ ಮುಂದೆ ಮುದುಕನ ಗಂಟಲು ಯಾರಿಗೆ ಕೇಳಬೇಕು? ಊಟ ಮಾಡದೆ ಹೊರಗೆ ಬಂದು ಬಸ್ಸು ಹಿಡಿದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ ನಾವು. ಮಂಜೀರಾ ನದಿ ಯಾವ ದಿಕ್ಕಿಗೆ ಹರಿಯುತ್ತದೆ ಅಂತ ಗೊತ್ತಿಲ್ಲದವನು ಅದರ ಹಿನ್ನೀರಿನಲ್ಲಿ ಸತ್ತವರ ಬಗ್ಗೆ ತಾಂಡೂರಿನಲ್ಲಿ ನಿಂತು ಹಾಸ್ಯ ಮಾಡುತ್ತಾನೆ. ನಾನು ಅವತ್ತು ಪಕ್ಕದ ದೋಣಿಯಲ್ಲಿದ್ದೆ. ಎಲ್ಲ ಕಂಡಿದ್ದೇನೆ, ಎಲ್ಲ ಕೇಳಿದ್ದೇನೆ. ಡ್ರಿಲ್ ಮಾಸ್ತರರು ಚೇಳಿಗೆ ಹೆದರಿ ಸತ್ತವರಲ್ಲ. ನೀರು ಬಲ್ಲವರು ಅನ್ನುವ ಹೆಸರೊಂದೇ ಅವರಿಗೆ ಉಳಿದಿದ್ದ ಆಸ್ತಿ. ಅದನ್ನೂ ಹೀಗೆ ಊಟಕ್ಕೆ ಮೊದಲಿನ ಉಪ್ಪಿನಕಾಯಿ ಮಾಡಿಕೊಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಆ ಹೆಸರಿಗೂ ಒಂದು ಚೇಳು ಅಂಟಿಸಿಬಿಡುತ್ತಾರೆ.

ನಮ್ಮ ಶಾಲೆ ಇದ್ದದ್ದು ನಾರಾಯಣಖೇಡದಾಚೆ ಹಿನ್ನೀರಿನ ದಂಡೆಯ ಒಂದು ಊರಿನಲ್ಲಿ. ನಾನು ಜಹೀರಾಬಾದಿನವನು, ಗಣಿತ ಹೇಳಿಕೊಡುತ್ತಿದ್ದೆ. ಅವರು ಡ್ರಿಲ್ ಮಾಸ್ತರು. ಗಿಡ್ಡ ಆಳು, ಗೂಳಿಯ ಕುತ್ತಿಗೆ, ಅದರಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿ. ಅಂಗಿಯ ಒಂದು ತುದಿ ಪ್ಯಾಂಟಿನೊಳಗೆ, ಇನ್ನೊಂದು ಹೊರಗೆ. ನೆಲದ ಮೇಲೆ ಅವರಷ್ಟು ಅಸ್ತವ್ಯಸ್ತ ಮನುಷ್ಯನನ್ನು ನಾನು ಕಂಡಿಲ್ಲ. ಆಟದ ಸಾಮಾನಿನ ಕೋಣೆಯಲ್ಲಿ ಗಾಳಿಯಿಲ್ಲದ ಚೆಂಡುಗಳು, ಮುರಿದ ಸ್ಟಂಪುಗಳು, ಹಗ್ಗವಿಲ್ಲದ ನೆಟ್ಟು. ಈಟಿ ಎಸೆತದ ಈಟಿ ಅವರ ಮನೆಯ ಹಿತ್ತಲಿನಲ್ಲಿ ಅವರೆ ಬಳ್ಳಿಗೆ ಆಸರೆಯಾಗಿತ್ತು. ನನ್ನ ಕೊಡೆಯನ್ನು "ನಾಳೆ ಕೊಡ್ತೀನ್ರಿ ಸರ್" ಅಂತ ಮಳೆಗಾಲದ ಆರಂಭದಲ್ಲಿ ಒಯ್ದವರು ಸಂಕ್ರಾಂತಿಗೆ ತಂದುಕೊಟ್ಟರು. ಸುಳ್ಳೂ ಹೇಳುತ್ತಿದ್ದರು. ಭಾನುವಾರ ಬಲೆಗೆ ಬಿದ್ದ ಮೀನು ಸೋಮವಾರ ಸ್ಟಾಫ್ ರೂಮಿನಲ್ಲಿ ಮೊಳದುದ್ದ ಇದ್ದರೆ ಗುರುವಾರದ ಹೊತ್ತಿಗೆ ಮಾರುದ್ದ ಆಗಿರುತ್ತಿತ್ತು.

ರಜೆ ಹಾಕದೆ ಮೀನಿಗೆ ಹೋದದ್ದಕ್ಕೆ ಹೆಡ್‌ಮಾಸ್ತರರು ಒಮ್ಮೆ ಬೈದರು. ಸಮಾಧಾನ ಮಾಡಲು ಮರುದಿನ ಇವರು ದೊಡ್ಡದೊಂದು ಮೀನನ್ನು ಪೇಪರಿನಲ್ಲಿ ಸುತ್ತಿಕೊಂಡು ಅವರ ಮೇಜಿನ ಮೇಲೆ ಇಟ್ಟರು. ಹೆಡ್‌ಮಾಸ್ತರರು ಕಟ್ಟಾ ಲಿಂಗಾಯತರು. ಅವತ್ತು ಮೇಜು ತೊಳೆಸಿದ್ದಲ್ಲದೆ ಹಿಂದಿನ ದಿನದ್ದಕ್ಕಿಂತ ದುಪ್ಪಟ್ಟು ಬೈದರು. "ಹೇಳೋದು ಶಾಸ್ತ್ರ, ಹಾಕೋದು ಗಾಳ" ಅಂತ ನಾವು ರೇಗಿಸಿದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಇಂಥ ಮನುಷ್ಯ ದೋಣಿಗೆ ಕಾಲಿಟ್ಟರೆ ಬೇರೆಯೇ ಆಳು. ನಾನು ಮೊದಲ ಸಲ ಅವರ ದೋಣಿ ಹತ್ತಿದಾಗ ನನ್ನ ಚೀಲವನ್ನು ಕಾಲ ಹತ್ತಿರ ಇಟ್ಟು, ಚಪ್ಪಲಿ ಬಿಚ್ಚಿ ಅದರ ಪಕ್ಕ ಇಟ್ಟೆ. ಅಷ್ಟಕ್ಕೇ ಕಿವಿ ಹರಿದುಹೋಗುವಂತೆ ಸೀಟಿ ಊದಿದರು.

"ಎತ್ರಿ ಸರ್ ಅದನ್ನ! ಇದೇನು ನಿಮ್ಮ ಪಡಸಾಲಿ ಏನ್ರಿ? ದೋಣ್ಯಾಗ ಎರಡೇ ಜಾತಿ ಸಾಮಾನ ಇರ್ತಾವ. ಕಟ್ಟಿದ್ದು ಒಂದು, ಮುಳುಗಿದ್ದು ಒಂದು."

ನನ್ನ ಚೀಲವನ್ನು ತಾವೇ ಅಡ್ಡಹಲಗೆಗೆ ಕಟ್ಟಿದರು. ಚಪ್ಪಲಿಗಳನ್ನು ಒಂದಕ್ಕೊಂದು ಪೋಣಿಸಿ ಅದೂ ಕಟ್ಟಿದರು. ಆಮೇಲೆ ಮೆರೆಯುತ್ತ ಎಲ್ಲ ತೋರಿಸಿದರು. ವಿನಯ ಅನ್ನುವುದು ಅವರ ಸೀಮೆಗೇ ಸೇರಿದ ಗುಣವಲ್ಲ. ಸಣ್ಣ ಕಣ್ಣಿನ ಬಲೆ ಒಂದು ಗೋಣಿಚೀಲದಲ್ಲಿ, ದೊಡ್ಡ ಕಣ್ಣಿನದು ಇನ್ನೊಂದರಲ್ಲಿ. ಬಲೆ ಮಡಚುವಾಗ ಮೇಲೆ ತೇಲುವ ಬೆಂಡುಗಳೆಲ್ಲ ಒಂದು ಬದಿಗೆ, ಕೆಳಗೆ ಎಳೆಯುವ ಸೀಸದ ಗುಂಡುಗಳೆಲ್ಲ ಇನ್ನೊಂದು ಬದಿಗೆ. ಚೀಲದ ಬಾಯಿ ಬಿಗಿದು ದೋಣಿಯ ಪಕ್ಕೆಗೆ ಕಟ್ಟು. ಗಾಳಗಳನ್ನು ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದ ಪಟ್ಟಿಯಲ್ಲಿ ಮುಳ್ಳು ಒಳಗಾಗುವಂತೆ ಸಾಲಾಗಿ ಚುಚ್ಚಿಟ್ಟಿದ್ದರು. ಹುಟ್ಟು, ನೀರು ತೋಡುವ ಡಬ್ಬ, ಲಂಗರು ಕಲ್ಲು ಎಲ್ಲಕ್ಕೂ ಒಂದೊಂದು ಜಾಗ, ಒಂದೊಂದು ಗಂಟು. ಹಿಂದಿನ ತುದಿಯ ಕಬ್ಬಿಣದ ಬಳೆಯ ಪಕ್ಕದಲ್ಲಿ ಒರೆಯಲ್ಲಿ ತೂಗುಹಾಕಿದ ಚಾಕು. ಕಾಲಿಡುವ ಜಾಗದಲ್ಲಿ ಒಂದು ಕಡ್ಡಿಯೂ ಇಲ್ಲ. ಆಟದ ಸಾಮಾನಿನ ಕೋಣೆ ನೆನಪಾಗಿ ನನಗೆ ನಗು ಬಂತು.

ಹಿಂದಿನ ತುದಿಯಲ್ಲಿ, ಆ ಬಳೆಯ ಪಕ್ಕ ಕೂರುತ್ತಿದ್ದವರು ಅವರ ಹೆಂಡತಿ. ಅತ್ತಿಗೆಯ ಸಲಿಗೆಯಲ್ಲಿ ನಾನು ಅವರನ್ನು ವೈನಿ ಅನ್ನುತ್ತಿದ್ದೆ. ನ್ಯಾಲ್ಕಲ್ ಕಡೆಯ ಬೆಸ್ತರ ಮಗಳು, ತೆಳ್ಳಗೆ ಎತ್ತರದ ಹೆಂಗಸು. ಅವರು ಅಲ್ಲಿ ಕೂರುವುದಕ್ಕೆ ಒಂದು ಕಾರಣ ಇತ್ತು. ನಮ್ಮ ಹಿನ್ನೀರು ಮೇಲೆ ನೋಡಲು ಕೆರೆಯಂತೆ ತಣ್ಣಗಿದ್ದರೂ ತಳದಲ್ಲಿ ಅಣೆಕಟ್ಟಿಗೆ ಮುಳುಗಿದ ಊರುಗಳ ಗೋಡೆಗಳಿವೆ, ಜಾಲಿ ಮರಗಳಿವೆ. ನೀರಿನಲ್ಲಿರುವ ಬಲೆ ಜಾಲಿಗೆ ಸಿಕ್ಕಿ ಅದರ ಹಗ್ಗ ದೋಣಿಗೆ ಬಿಗಿದಿದ್ದರೆ, ಗಾಳಿ ದೋಣಿಯನ್ನು ಒಂದು ಕಡೆಗೆ ನೂಕುತ್ತದೆ, ಬಲೆ ಇನ್ನೊಂದು ಕಡೆಗೆ ಜಗ್ಗುತ್ತದೆ, ಅಂಚು ನೀರಿಗೆ ಬಾಗುತ್ತದೆ. ಆಗ ಬಲೆಯ ಆಸೆ ಬಿಟ್ಟು ಹಗ್ಗ ಬಿಡಬೇಕು. ಅದಕ್ಕೆಂದೇ ಬಲೆಯ ಹಗ್ಗವನ್ನು ಆ ಬಳೆಗೆ ಒಂದು ವಿಶೇಷ ಗಂಟಿನಿಂದ ಕಟ್ಟುತ್ತಿದ್ದರು. ಎಷ್ಟು ಜಗ್ಗಿದರೂ ಜಾರದು. ಅದರ ಸಣ್ಣ ಬಾಲವನ್ನು ಒಮ್ಮೆ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬಿಚ್ಚುಗಂಟು ಅಂತ ಕರೆಯುತ್ತಿದ್ದರು. ಆ ಬಾಲ ಸದಾ ವೈನಿಯ ಕೈಯಲ್ಲಿ ಇರುತ್ತಿತ್ತು. ಮುಂದೆ ಹುಟ್ಟು ಹಾಕುತ್ತಿದ್ದ ಇವರು "ಬಿಚ್ಚು" ಅಂದರೆ ಸಾಕು, ಮಾತು ಮುಗಿಯುವುದರೊಳಗೆ ಹಗ್ಗ ನೀರಿನಲ್ಲಿರುತ್ತಿತ್ತು.

"ಕಟ್ಟಾಕ ಯಾರಿಗಾದ್ರೂ ಬರ್ತದ್ರಿ ಸರ್. ದನಾ ಕಟ್ಟಂಗಿಲ್ಲೇನು?" ಅಂತ ಸ್ಟಾಫ್ ರೂಮಿನಲ್ಲಿ ಕುರ್ಚಿಯ ಕೈಗೆ ದಾರ ಸುತ್ತುತ್ತ ಹೇಳುತ್ತಿದ್ದರು. "ಬಿಚ್ಚಾಕ ಬರೋಹಂಗ ಕಟ್ಟಬೇಕು. ಬಿಚ್ಚಾಕ ಬರದ ಗಂಟು ಗಂಟಲ್ಲ, ಅದು ಉರುಲು."

ಜಂಬ ಎಷ್ಟಿತ್ತೆಂದರೆ, ಜಹೀರಾಬಾದಿನಲ್ಲಿ ನಾನು ಮನೆ ಬದಲಿಸುವಾಗ ಕರೆಯದೆ ಬಂದರು. ಹಮಾಲರು ಟೆಂಪೋ ಮೇಲೆ ಸಾಮಾನು ಕಟ್ಟಿ ಮುಗಿಸಿದ್ದರು. ಇವರು "ಛೀ, ಇದೇನು ಕಟ್ಟೋದು" ಅಂತ ಎಲ್ಲ ಬಿಚ್ಚಿಸಿ ತಾವೇ ಹೊಸದಾಗಿ ಕಟ್ಟಿದರು. ಹಮಾಲರು ಬೈಯುತ್ತ ಹೋದರು. ಹೊಸ ಮನೆಯ ಮುಂದೆ ಓಣಿಯ ಜನ ಸೇರಿದ್ದನ್ನು ಕಂಡು ಇವರಿಗೆ ಉತ್ಸಾಹ ಬಂತು. "ನೋಡ್ರಿ, ಒಂದೇ ಜಗ್ಗಿಗೆ!" ಅಂತ ಹಗ್ಗದ ಬಾಲ ಎಳೆದರು. ಹಗ್ಗ ಬಿಚ್ಚಿಕೊಂಡಿತು, ಜೊತೆಗೆ ನಮ್ಮ ಮಂಚ ಇಳಿದು ಅವರ ಕಾಲ ಮೇಲೆ ಕೂತಿತು. ಹದಿನೈದು ದಿನ ಕುಂಟುತ್ತ ಡ್ರಿಲ್ ಮಾಡಿಸಿದರು.

ಅವರ ನಾಲಿಗೆಯ ಮೇಲೆ ಮೂರು ಭಾಷೆಗಳು ಪಾಳಿ ಹಾಕಿಕೊಂಡಿದ್ದವು. ಮಕ್ಕಳಿಗೆ ತೆಲುಗು, ಬೈಗುಳಕ್ಕೆ ದಖನಿ ಉರ್ದು, ನೀರಿಗೆ ಕನ್ನಡ. ದೋಣಿಯಲ್ಲಿ ಮಾತ್ರ ಯಾಕೆ ಕನ್ನಡ ಅಂತ ಒಮ್ಮೆ ಕೇಳಿದೆ. "ನಮ್ಮಪ್ಪ ನೀರಾಗ ಬ್ಯಾರೆ ಮಾತು ಕಲಿಸಿಲ್ರಿ" ಅಂದರು. ಅದನ್ನು ದೊಡ್ಡ ಮಾತೆಂದು ಅವರೂ ಹೇಳಲಿಲ್ಲ, ನಾನೂ ತಿಳಿಯಲಿಲ್ಲ. ನಮ್ಮ ಕಡೆ ಮನೆಮನೆಯಲ್ಲೂ ಇದೇ ಕಥೆ. ಸಂತೆಗೊಂದು ಮಾತು, ಕಚೇರಿಗೊಂದು ಮಾತು, ಒಲೆಯ ಮುಂದೆ ಒಂದು ಮಾತು.

ಆಮೇಲೆ ಚಳವಳಿ ಬಂತು. ನಾನೂ ರಾಜ್ಯ ಬೇಕು ಅಂದವನೇ, ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಶಾಲೆಗೆ ಬೀಗ ಹಾಕಿ ನಾವೆಲ್ಲ ನಾರಾಯಣಖೇಡದಲ್ಲಿ ಟೆಂಟಿನಡಿ ಕೂತೆವು, ರಸ್ತೆಯ ಮೇಲೆ ಒಲೆ ಹೂಡಿ ಅನ್ನ ಬೇಯಿಸಿದೆವು. ಡ್ರಿಲ್ ಮಾಸ್ತರರಿಗಂತೂ ಹಬ್ಬ. ಸೀಟಿ ಊದಿ ಮೆರವಣಿಗೆಯ ಸಾಲು ನೇರ ಮಾಡುವುದು, ಘೋಷಣೆ ತಪ್ಪಿದವರನ್ನು ಗದರಿಸುವುದು. "ರಾಜ್ಯ ಬಂದ್ರ ನಮ್ಮ ನೀರು ನಮಗ ಉಳಿತದ್ರಿ" ಅನ್ನುತ್ತಿದ್ದರು. ಮನಸ್ಸಿನಿಂದಲೇ ಅನ್ನುತ್ತಿದ್ದರು.

ಒಂದು ದಿನ ಹೋರಾಟ ಸಮಿತಿಯ ನಾಯಕನೊಬ್ಬ ಹೈದರಾಬಾದಿನಿಂದ ಬಂದ. ನುಣ್ಣಗೆ ಕ್ಷೌರ ಮಾಡಿದ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೊತೆಗೆ ಟೀವಿಯ ಕ್ಯಾಮೆರಾದವನು, ನಾಲ್ಕಾರು ಹುಡುಗರು. ರಸ್ತೆಯ ಅಡುಗೆಯನ್ನು ಟೀವಿಯವರು ಈಗ ತೋರಿಸುತ್ತಿಲ್ಲ, ಹೊಸದೇನಾದರೂ ಬೇಕು, ಮೀನುಗಾರರ ದೋಣಿ ಮೆರವಣಿಗೆ ಮಾಡೋಣ ಅಂದ. ಡ್ರಿಲ್ ಮಾಸ್ತರರ ದೋಣಿ ಎಲ್ಲಕ್ಕಿಂತ ಮುಂದೆ, ಸೀಟಿ ಊದುವವರೂ ಅವರೇ ಅಂತ ನಿರ್ಧಾರವಾಯಿತು. ಅವರು ಹೊಸ ಅಂಗಿ ಹಾಕಿಕೊಂಡು ಬಂದರು. ಎರಡೂ ತುದಿ ಪ್ಯಾಂಟಿನೊಳಗೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ.

ದಂಡೆಯಲ್ಲಿ ನಾಯಕ ದೋಣಿಯನ್ನು ನೋಡಿ ಮೂಗು ಮುರಿದ. ಬಲೆಯೇ ಕಾಣುತ್ತಿಲ್ಲವಲ್ಲ, ಇದು ಮೀನುಗಾರರ ದೋಣಿ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು ಅಂದ. ಹುಡುಗರು ಗೋಣಿಚೀಲಗಳ ಬಾಯಿ ಬಿಚ್ಚಿ ಬಲೆಗಳನ್ನು ಹೊರಗೆಳೆದರು. ಮದುವೆ ಚಪ್ಪರಕ್ಕೆ ಹೂವಿನ ಮಾಲೆ ಇಳಿಬಿಟ್ಟಂತೆ ದೋಣಿಯ ಪಕ್ಕಕ್ಕೆ ಇಳಿಬಿಟ್ಟರು. ಪಟ್ಟಿಯಿಂದ ಕಿತ್ತುಬಂದ ಗಾಳಗಳು, ಡಬ್ಬ, ಚಾಕು ಎಲ್ಲ ಒಂದು ಮೂಲೆಗೆ ರಾಶಿ ಬಿತ್ತು. ಅವುಗಳ ಜಾಗದಲ್ಲಿ ಬಾವುಟದ ಕೋಲುಗಳು.

ಡ್ರಿಲ್ ಮಾಸ್ತರರು ಒಬ್ಬೊಬ್ಬರ ಕೈಯಿಂದ ಕಸಿಯುತ್ತ "ಏ ಬಿಡ್ರೋ, ಮುಟ್ಟಬ್ಯಾಡ್ರೋ" ಅಂತ ಓಡಾಡಿದರು.

"ಮಾಸ್ಟರ್ ಸಾಬ್, ಆಜ್ ಏಕ್ ದಿನ್ ಅಡ್ಜಸ್ಟ್ ಕರೋ" ಅಂದ ನಾಯಕ ಅವರ ಹೆಗಲ ಮೇಲೆ ಕೈಹಾಕಿ.

ವೈನಿ ಆಗಲೇ ತಮ್ಮ ಜಾಗದಲ್ಲಿ ಕೂತಿದ್ದರು. ಇಳಿಬಿಟ್ಟ ಬಲೆಯ ಹಗ್ಗವನ್ನು ಬಳೆಗೆ ಬಿಚ್ಚುಗಂಟು ಹಾಕಿ ಸರಿಮಾಡಿಕೊಳ್ಳುತ್ತಿದ್ದರು. ಆ ಜಾಗ ಕ್ಯಾಮೆರಾದವನಿಗೆ ಬೇಕಾಗಿತ್ತು. ಹೆಣ್ಣುಮಕ್ಕಳೆಲ್ಲ ದಂಡೆಯ ಮೇಲೆ ಹೂ ಪೇರಿಸಿ ಸುತ್ತ ಹಾಡುತ್ತ ಬತುಕಮ್ಮ ಆಡಲಿ, ಹೂವಿನ ಹಿಂದೆ ದೋಣಿಗಳು ಕಂಡರೆ ಚೆನ್ನ ಅಂತ ನಾಯಕ ತೆಲುಗಿನಲ್ಲಿ ಹೇಳಿದ. ಅವರನ್ನು ಇಳಿಸಿದರು. ವೈನಿ ಗಂಡನ ಮುಖ ನೋಡಿದರು. ಅವರು "ಅಕೀ ಅಲ್ಲೇ ಇರಬೇಕು" ಅಂದರು, ಮತ್ತೆ ಅಂದರು. ಕೇಳಿದವರಿಲ್ಲ. ಯಾರೋ ವೈನಿಯ ಕೈಗೆ ತಂಗಡಿ ಹೂವಿನ ತಟ್ಟೆ ಕೊಟ್ಟರು.

ಅವರು ಇಳಿಯುವಾಗ ಹಗ್ಗ ಸಡಿಲವಾಯಿತು. ಆ ಹಿಂದಿನ ತುದಿಗೆ ನಾಯಕ, ಕ್ಯಾಮೆರಾದವನು, ಹುಡುಗರು ಹತ್ತಿದರು. ಕ್ಯಾಮೆರಾದವನ ಜೊತೆಗಿದ್ದ ಒಬ್ಬ ಹುಡುಗ ಅದನ್ನು ಎತ್ತಿ ಬಳೆಗೆ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿ, ಹಲ್ಲಿನಿಂದ ಎಳೆದು ಬಿಗಿದ. ಕಗ್ಗಂಟು. ಡ್ರಿಲ್ ಮಾಸ್ತರರು ಮುಂದಿನ ತುದಿಯಿಂದ "ಒಂದ್ ನಿಮಿಷ ತಡೀರಿ, ಆ ಗಂಟು ನಾ ಕಟ್ತೀನಿ" ಅಂತ ಕೂಗಿದರು. ಅಷ್ಟರಲ್ಲಿ ಘೋಷಣೆ ಶುರುವಾಗಿ ದಂಡೆಯವರು ದೋಣಿ ನೂಕಿಬಿಟ್ಟಿದ್ದರು. ಇದನ್ನೆಲ್ಲ ನಾನು ಪಕ್ಕದ ದೋಣಿಯಿಂದ ಕಣ್ಣಾರೆ ಕಂಡೆ. ಬೇಡ ಅಂತ ನಾನೂ ಕೂಗಿದೆ. ಆ ಗದ್ದಲದಲ್ಲಿ ಜೈ ಅನ್ನುವ ಮಾತೊಂದನ್ನು ಬಿಟ್ಟು ಬೇರೆ ಮಾತಿಗೆ ಕಿವಿಯೇ ಇರಲಿಲ್ಲ.

ದಂಡೆ ದೂರವಾಗಿ, ಹೆಂಗಸರ ಹಾಡು ಸಣ್ಣಗೆ ಕೇಳುವಷ್ಟು ಒಳಗೆ ಹೋಗಿದ್ದೆವು. ಗಾಳಿ ಎದ್ದಿತು. ಅವರ ದೋಣಿ ಥಟ್ಟನೆ ನಿಂತಿತು. ಇಳಿಬಿಟ್ಟಿದ್ದ ಬಲೆ ಕೆಳಗಿನ ಜಾಲಿಗೆ ಸಿಕ್ಕಿತ್ತು. ಹಗ್ಗ ಬಿಗಿದು ತಂತಿಯಂತಾಯಿತು, ಒಂದು ಬದಿಯ ಅಂಚು ಬಾಗಿತು. ಡ್ರಿಲ್ ಮಾಸ್ತರರು ಹುಟ್ಟು ಬಿಟ್ಟು ತಿರುಗಿದರು. ನಡುವೆ ಜನ, ಬಾವುಟ, ಕಾಲಿಗೆ ತೊಡರುವ ಬಲೆ, ಹಿಂದಿನ ತುದಿಗೆ ದಾಟಲು ದಾರಿಯಿಲ್ಲ. ಕೈ ಚಾಚಿ ಬಳೆಯ ಕಡೆ ತೋರಿಸುತ್ತ ಕೂಗಿದರು:

"ಬಿಚ್ಚು! ಬಿಚ್ಚು! ಬಿಚ್ಚು!"

ಹಿಂದಿನ ತುದಿಯಲ್ಲಿದ್ದವರು ಹೈದರಾಬಾದಿನವರು. ಅವರಿಗೆ ಕನ್ನಡ ಬಾರದು. ದಖನಿಯಲ್ಲಿ ಬಿಚ್ಚು ಅಂದರೆ ಚೇಳು. ದೋಣಿ ಓಡಿಸುವವನು ತಮ್ಮ ಕಾಲ ಕಡೆ ಬೆರಳು ತೋರಿಸಿ ಚೇಳು ಚೇಳು ಅಂತ ಕಿರುಚುತ್ತಿದ್ದಾನೆ ಅಂತಲೇ ಅವರಿಗೆ ಕೇಳಿಸಿತು. "ಬಿಚ್ಚು ಹೈ ರೇ!" ಅಂತ ಒಬ್ಬ ಚೀರಿದ. ಇನ್ನೊಬ್ಬ ಅದನ್ನೇ ತೆಲುಗು ಮಾಡಿ "ತೇಲು! ತೇಲು!" ಅಂದ. ತೆಲುಗಿನ ತೇಲು ಅಂದರೂ ಚೇಳೇ. ಕನ್ನಡದವನಾದ ನನಗೆ ಅದು ಒಂದು ಗಳಿಗೆ ನೀರಿನ ಮೇಲೆ ತೇಲು ಅನ್ನುವ ಹಾಗೆ ಕೇಳಿಸಿತು. ಎಲ್ಲರೂ ಬಳೆಯ ಹತ್ತಿರದಿಂದ ಹಾರಿ ಒಬ್ಬರ ಮೇಲೊಬ್ಬರು ಒಂದೇ ಬದಿಗೆ ಬಿದ್ದರು. ಬಲೆ ಜಗ್ಗುತ್ತಿದ್ದ ಬದಿಗೇ ಬಿದ್ದರು. ದೋಣಿ ಮಗುಚಿತು.

ಈಜು ಬಾರದ ನಾಯಕನನ್ನೂ ಕ್ಯಾಮೆರಾದವನನ್ನೂ ಹುಡುಗರನ್ನೂ ನಾವು ಎಳೆದುಕೊಂಡೆವು. ಎಲ್ಲರೂ ಬದುಕಿದರು. ಎಲ್ಲರಿಗಿಂತ ಚೆನ್ನಾಗಿ ಈಜುವವರು ಮಾತ್ರ ಮೇಲೆ ಬರಲಿಲ್ಲ. ತಮ್ಮದೇ ಬಲೆ ಕಾಲಿಗೆ ಸುತ್ತಿತ್ತು, ಬಿಡಿಸಿಕೊಳ್ಳಲು ಹೋದ ಕೈಗೆ ಚೆಲ್ಲಾಪಿಲ್ಲಿಯಾಗಿದ್ದ ಗಾಳಗಳು ನೆಟ್ಟಿದ್ದವು. ಒಂದು ಗಾಳವೂ ಹೊರಗಿರಬಾರದು ಅಂತ ಜೀವಮಾನವೆಲ್ಲ ಚಪ್ಪಲಿಯ ಅಟ್ಟೆಗೆ ಚುಚ್ಚಿಟ್ಟವರು. ದೋಣಿಯನ್ನು ದಂಡೆಗೆ ತಂದಾಗ ಆ ಕಗ್ಗಂಟು ಬಳೆಯ ಮೇಲೆ ಹಾಗೇ ಇತ್ತು. ಬೇರೆ ಅಂಬಿಗರು ಬಿಚ್ಚಲು ನೋಡಿ ಆಗದೆ ಕೊಯ್ದರು. ಕೊಯ್ಯುವಾಗ ವೈನಿ ಪಕ್ಕದಲ್ಲೇ ನಿಂತಿದ್ದರು.

ಮರುದಿನದಿಂದ ಸುಳ್ಳಿನ ಸಂತೆ. ಸಮಿತಿಯವರು, ಅವರು ಜೈ ತೆಲಂಗಾಣ ಅನ್ನುತ್ತ ಪ್ರಾಣ ಬಿಟ್ಟರು ಅಂತ ಫ್ಲೆಕ್ಸ್ ಹಾಕಿದರು. ಬದುಕಿ ಬಂದ ಹುಡುಗರು, ಚೇಳು ನೋಡಿ ಮಾಸ್ತರ ಹೆದರಿದ ಅಂತ ಚಹಾದಂಗಡಿಯಲ್ಲಿ ಹೇಳಿದರು. ವಿಚಾರಣೆಗೆ ಬಂದ ಅಧಿಕಾರಿ ಎರಡನೆಯದನ್ನೇ ಬರೆದುಕೊಂಡ. ನಾನು ಅವನ ಮುಂದೆ ನಿಂತು, ಅದು ಕನ್ನಡ ಮಾತು, ಬಿಚ್ಚು ಅಂದರೆ ಗಂಟು ಬಿಡಿಸು ಅಂತ ಹೇಳಿದೆ. ಅವನು ತಲೆ ಎತ್ತಿ, "ಕನ್ನಡನಾ? ಈ ಜಿಲ್ಲೆಯಲ್ಲಿ ಕನ್ನಡ ಎಲ್ಲಿಂದ ಬಂತು?" ಅಂದ. ನಾವು ಬಂದವರಲ್ಲಪ್ಪಾ, ಇದ್ದವರು. ನಿನ್ನ ಕಚೇರಿ ಬರುವ ಮೊದಲಿನಿಂದ, ಅಣೆಕಟ್ಟು ಬರುವ ಮೊದಲಿನಿಂದ ಇದ್ದವರು. ಹೇಳಿದೆ, ಜೋರಾಗಿಯೇ ಹೇಳಿದೆ. ನನ್ನನ್ನು ಹೊರಗೆ ಕರೆದುಕೊಂಡು ಹೋದರು.

ಸಮಿತಿಯ ನಾಯಕ ನನಗೆ ಬುದ್ಧಿ ಹೇಳಿದ. ಸಾರ್, ಈಗ ಭಾಷೆಯ ವಿಷಯ ತೆಗೆಯಬೇಡಿ, ಎದುರಿನವರ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತದೆ, ಅವರನ್ನು ಹುತಾತ್ಮ ಅಂದಿದ್ದೇವಲ್ಲ, ಇನ್ನೇನು ಬೇಕು ಅಂದ. ಹುತಾತ್ಮ! ಅವರು ಸಾಯಲು ಹೋದವರಲ್ಲ. ಬದುಕಿಸಲು ಕೂಗಿದವರು. ನಿನ್ನನ್ನೇ ಬದುಕಿಸಲು ಕೂಗಿದರು, ನೀನು ಚೇಳು ಅಂತ ಹಾರಿದೆ. ಅದನ್ನು ಅವನ ಮುಖಕ್ಕೇ ಅಂದೆ. ಅವನು ನಸುನಕ್ಕು ಕಾರು ಹತ್ತಿದ.

ವೈನಿಗೆ ಹೇಳಲು ಹೋದೆ. ಅವರು ಅಂಗಳದಲ್ಲಿ ಹರಿದ ಬಲೆಯ ಮುಂದೆ ಕೂತಿದ್ದರು. ಮಂದಿಯ ಎರಡೂ ಮಾತು ಅವರ ಕಿವಿಗೆ ಬಿದ್ದಿತ್ತು.

"ಖರೆ ಹೇಳ್ರಿ ಮಾಸ್ತರ್ರ. ಅವರು ಏನಂದ್ರು?"

"ಬಿಚ್ಚು ಅಂದ್ರು, ವೈನಿ."

ಅವರು ಮುಂದಿದ್ದ ಬಲೆಯನ್ನು ಪಕ್ಕಕ್ಕೆ ಸರಿಸಿದರು.

"ಎಷ್ಟು ಸಲ ಅಂದ್ರು?"

"ಭಾಳ ಸಲ. ದೋಣಿ ಮಗುಚೂತನಕ ಅಂದ್ರು."

ಅವರು ಎದ್ದು ಒಳಗೆ ಹೋದರು. ನಾನು ಹೊರಟುಬಂದೆ.

ವರ್ಷ ತುಂಬಿದಾಗ ರಾಜ್ಯ ಇನ್ನೂ ಬಂದಿರಲಿಲ್ಲ. ಸಮಿತಿಯವರು ಹಿನ್ನೀರಿನ ದಂಡೆಯಲ್ಲಿ ತಾಂಡೂರು ಕಲ್ಲಿನ ಒಂದು ಫಲಕ ನಿಲ್ಲಿಸಿದರು. ತೆಲುಗಿನಲ್ಲಿ ಅವರ ಹೆಸರು, ಅದರ ಕೆಳಗೆ ಜೈ ತೆಲಂಗಾಣ ಅನ್ನುತ್ತ ಅಮರರಾದರು ಅನ್ನುವ ಸಾಲು. ಅದೇ ನಾಯಕ ಬಂದಿದ್ದ. ಪರದೆ ಸರಿಸಲು ವೈನಿಯನ್ನು ಕರೆಸಿದ್ದರು. ಸರಿಸಿದರು. ಚಪ್ಪಾಳೆ ಬಿತ್ತು. ಎರಡು ಮಾತು ಹೇಳಮ್ಮ ಅಂತ ಮೈಕು ಕೈಗೆ ಕೊಟ್ಟರು. ಅಳುತ್ತಾರೆ, ಕೈ ಮುಗಿಯುತ್ತಾರೆ, ಅಷ್ಟೇ ಅಂತ ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ವೈನಿ ಕನ್ನಡದಲ್ಲೇ ಶುರು ಮಾಡಿದರು.

"ನನ್ನ ಗಂಡ ಜೈ ಅಂದಿಲ್ಲ. ಚೇಳು ಅಂತನೂ ಅಂದಿಲ್ಲ. ಬಿಚ್ಚು ಅಂದಾರ. ಅದು ನನಗ ಅಂದದ್ದು. ಆ ಜಾಗಾದಾಗ ಕೂಡಾಕಿ ನಾನು. ಇಷ್ಟು ವರ್ಷದಾಗ ನನಗ ಎರಡನೇ ಸಲ ಹೇಳೋದು ಅವರಿಗೆ ಎಂದೂ ಬಿದ್ದಿಲ್ಲ. ಅವತ್ತ ಭಾಳ ಸಲ ಹೇಳ್ಯಾರ. ಯಾಕಂದ್ರ ಅಲ್ಲಿ ನಾ ಇರಲಿಲ್ಲ. ದೋಣಿಯಿಂದ ನನ್ನ ಇಳಿಸಿದವರು ಯಾರು? ಕೈ ಎತ್ರಿ."

ನಾಯಕ ಪಕ್ಕದವನ ಕಡೆ ಬಾಗಿ, ಏನು ಹೇಳುತ್ತಿದ್ದಾಳೆ ಅಂತ ಕೇಳುತ್ತಿದ್ದ. ವೈನಿ ಅದನ್ನು ನೋಡಿದರು. ಅವನ ಕಡೆ ತಿರುಗಿ ನಿಂತು ಅದನ್ನೇ ತೆಲುಗಿನಲ್ಲಿ ಕೇಳಿದರು.

"ನನ್ನು ದಿಂಪಿನೋಳ್ಳು ಎವರು? ಚೇಯಿ ಎತ್ತುಂಡ್ರಿ."

ಮೈಕಿನವನು ಕೈ ಚಾಚಿದ. ವೈನಿ ಕೊಡಲಿಲ್ಲ. ಅವನು ಹೋಗಿ ತಂತಿ ಕಿತ್ತ. ಸತ್ತ ಮೈಕನ್ನು ಅವರು ಆ ಕಲ್ಲಿನ ಮೇಲೆ ಇಟ್ಟರು. ನೀರಿನ ಮೇಲೆ ಮಾತಾಡಿ ಬೆಳೆದ ಗಂಟಲು, ಅದಕ್ಕೆ ಮೈಕಿನ ಹಂಗಿರಲಿಲ್ಲ. ಮೂರನೆಯ ಸಲ ದಖನಿಯಲ್ಲಿ ಕೇಳಿದರು, ನಿಧಾನವಾಗಿ, ತಿಳಿಯಲಿಲ್ಲ ಅನ್ನುವ ನೆವ ಯಾರಿಗೂ ಉಳಿಯದ ಹಾಗೆ.

"ಮೇರೆಕು ಉತಾರೇ ಸೋ ಕೌನ್? ಹಾಥ್ ಉಠಾವ್."

ಒಂದು ಕೈಯೂ ಏಳಲಿಲ್ಲ.